ಓದುಗರ ಪ್ರಶ್ನೆ: ಮನೆಯೊಳಗಿನ ಇಲಿ, ಹೆಗ್ಗಣ, ಅಳಿಲುಗಳ ಕಾಟ

ಮಳೆ ಹಿಡಿದು ಹೊಲಗದ್ದೆಗಳ ಬಿಲಗಳಿಗೆ ನೀರು ನುಗ್ಗಿದ ಮೇಲೆ ಇಲಿಗಳು ಮನೆಗಳತ್ತ ಮುಖ ಮಾಡುವುದು ವಾಡಿಕೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ವಿಷಯದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಹೆಂಚಿನ ಹಳೆಯ ಮನೆ. ಇಲಿಗಳು ಅಕ್ಕಿ, ಕೊಬ್ಬರಿ ತಿಂದರೆ ಅರ್ಥವಾಗುತ್ತದೆ. ಆದರೆ ಬಾಗಿಲಿನ ಅಂಚು, ಸಾಬೂನು, ಪ್ಲಾಸ್ಟಿಕ್ ಡಬ್ಬಿ, ಕರೆಂಟಿನ ವೈರುಗಳನ್ನೂ ಕಡಿದು ಹಾಕುತ್ತಿವೆ. ತಿನ್ನಲಾಗದ್ದನ್ನು ಏಕೆ ಕಡಿಯುತ್ತವೆ? ತಡೆಯುವುದು ಹೇಗೆ? – ಓದುಗರೊಬ್ಬರು, ಸಾಗರ

ಉತ್ತರ: ಇಲಿಯ ಬಾಯಿಯ ಮುಂಭಾಗದಲ್ಲಿ ಮೇಲೆರಡು, ಕೆಳಗೆರಡು ಬಾಚಿಹಲ್ಲುಗಳಿರುತ್ತವೆ. ಇವು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಸವೆಯದಿದ್ದರೆ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಉದ್ದವಾಗಬಲ್ಲವು. ಹಲ್ಲಿನ ಮುಂಬದಿಗೆ ಮಾತ್ರ ಗಟ್ಟಿಯಾದ ಎನಾಮೆಲ್ ಇದ್ದು, ಹಿಂಬದಿ ಅದಕ್ಕಿಂತ ಮೆದುವಾಗಿರುವುದರಿಂದ ಹಿಂಬದಿ ಬೇಗ ಸವೆದು, ಅಂಚು ಬಡಗಿಯ ಉಳಿಯಂತೆ ಸದಾ ಹರಿತವಾಗಿರುತ್ತದೆ. ಅಲ್ಲದೆ ಬಾಚಿಹಲ್ಲುಗಳ ಹಿಂದೆ ತುಟಿ ಒಳಕ್ಕೆ ಮಡಚಿಕೊಂಡು ಬಾಯಿಯನ್ನು ಮುಚ್ಚುವುದರಿಂದ, ಕಡಿದ ಚೂರು ಗಂಟಲಿಗೆ ಇಳಿಯದೆ ಹೊರಗೇ ಉದುರುತ್ತದೆ. ನೀವು ಬಾಗಿಲ ಬಳಿ ಕಾಣುವ ಮರದ ಪುಡಿ ಅದೇ. ಒಳಕ್ಕೆ ದಾರಿ ಮಾಡಿಕೊಳ್ಳಲು, ಗೂಡಿಗೆ ಮೆತ್ತೆ ಒದಗಿಸಿಕೊಳ್ಳಲು ಮತ್ತು ಹಲ್ಲನ್ನು ಹದದಲ್ಲಿಡಲು ಅವು ಕಡಿಯುತ್ತವೆ. ಸಾಬೂನಿನ ವಿಷಯ ಬೇರೆ: ಅದರಲ್ಲಿ ಕೊಬ್ಬಿನ ಅಂಶವಿರುವುದರಿಂದ ಅದನ್ನು ತಿನ್ನಲೆಂದೇ ಬರುತ್ತವೆ.

ಆದ್ದರಿಂದ ಕಡಿಯುವ ಚಾಳಿಯನ್ನು ಬಿಡಿಸಲು ಸಾಧ್ಯವಿಲ್ಲ; ಒಳಗೆ ಬರುವ ದಾರಿಯನ್ನು ಮುಚ್ಚಬಹುದು. ಈ ಕೆಲಸ ಬೇಸರದ್ದಾದುದರಿಂದ ಬಹಳಷ್ಟು ಜನ ಇದನ್ನು ಬಿಟ್ಟು ನೇರವಾಗಿ ಬೋನಿಗೋ ಪಾಷಾಣಕ್ಕೋ ಕೈಹಾಕುತ್ತಾರೆ. ಒಂದು ಇಲಿ ಸತ್ತರೆ ಅದೇ ತೂತಿನಿಂದ ಇನ್ನೊಂದು ಬರುತ್ತದೆ. ಹೆಣ್ಣಿಲಿಯ ಗರ್ಭಾವಧಿ ಮೂರು ವಾರಗಳಷ್ಟೇ ಎಂಬುದನ್ನು ನೆನಪಿಟ್ಟರೆ, ಕೊಲ್ಲುವ ಲೆಕ್ಕದಲ್ಲಿ ನಾವು ಗೆಲ್ಲುವುದಿಲ್ಲವೆಂದು ತಿಳಿಯುತ್ತದೆ.

ಮೊದಲು ಹಗಲಿನಲ್ಲಿ ಅಟ್ಟವನ್ನು ಹತ್ತಿ, ದೀಪವಿಲ್ಲದೆ ಕುಳಿತು, ಎಲ್ಲೆಲ್ಲಿ ಬೆಳಕು ತೂರುತ್ತದೆಂದು ನೋಡಿ. ಚಿಟ್ಟಿಲಿಗೆ 6 ಮಿಲಿಮೀಟರ್, ಇಲಿಮರಿಗೆ 12 ಮಿಲಿಮೀಟರ್ ಸಂದು ಸಾಕು. ಪೆನ್ಸಿಲ್ ತೂರುವ ಸಂದಿನಲ್ಲಿ ಚಿಟ್ಟಿಲಿ ತೂರುತ್ತದೆಂದು ತಿಳಿಯಿರಿ. ಇಲಿಗಳು ಗೋಡೆಯನ್ನು ಸವರಿಕೊಂಡೇ ಓಡಾಡುವುದರಿಂದ ಅವುಗಳ ದಾರಿಯುದ್ದಕ್ಕೂ ಜಿಡ್ಡಿನ ಕಪ್ಪು ಕಲೆಗಳಿರುತ್ತವೆ. ಆ ಕಲೆಯನ್ನು ಹಿಂಬಾಲಿಸಿದರೆ ತೂತು ಸಿಗುತ್ತದೆ. ಹೆಂಚು ಮತ್ತು ಗೋಡೆ ಕೂಡುವ ಜಾಗಕ್ಕೆ 6 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿಯನ್ನು ಬಡಿಯಿರಿ. ಪೈಪು, ವೈರುಗಳು ಗೋಡೆ ದಾಟುವ ತೂತುಗಳಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟ್ ಗಾರೆಯನ್ನು ಮೆತ್ತಿರಿ. ಬರೀ ಗಾರೆಯನ್ನು ಹಾಕಿದರೆ ಅದು ಗಟ್ಟಿಯಾಗುವ ಮೊದಲೇ ಕೆದಕಿ ತೆಗೆಯುತ್ತವೆ. ಅಂಗಡಿಯಲ್ಲಿ ಸಿಗುವ ಫೋಮ್ ಅಂತೂ ಅವುಗಳಿಗೆ ಲೆಕ್ಕಕ್ಕೇ ಇಲ್ಲ. ಬಾಗಿಲಿನ ಕೆಳಗಂಚಿಗೆ ತಗಡಿನ ಪಟ್ಟಿ, ಬಚ್ಚಲಿನ ಮೋರಿಗೆ ಕಬ್ಬಿಣದ ಜಾಲರಿ ಇರಲಿ. ಮಾಡಿನ ಮೇಲೆ ಚಾಚಿದ ಮರದ ಕೊಂಬೆಗಳನ್ನು ಕಡಿಸಿ. ಅಟ್ಟದಲ್ಲಿ ಓಡಾಡುವ ಮನೆ ಇಲಿ ನೆಲದಿಂದ ಬರುವುದಕ್ಕಿಂತ ಮರದಿಂದ ಇಳಿಯುವುದೇ ಹೆಚ್ಚು. ಅಕ್ಕಿ, ಬೇಳೆ, ಶೇಂಗಾಗಳನ್ನು ಮುಚ್ಚಳವಿರುವ ತಗಡಿನ ಅಥವಾ ಸ್ಟೀಲಿನ ಡಬ್ಬಿಗಳಿಗೆ ವರ್ಗಾಯಿಸಿ.

ವೈರಿನ ವಿಷಯವನ್ನು ಮಾತ್ರ ಮುಂದೂಡಬೇಡಿ. ಹೊರಪದರ ಕಿತ್ತುಹೋದ ವೈರಿನಿಂದ ಒಣ ಮರದ ಅಟ್ಟಕ್ಕೆ ಬೆಂಕಿ ತಗಲಬಹುದು. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಅಟ್ಟದ ವೈರುಗಳನ್ನು ಲೋಹದ ಕೊಳವೆಯೊಳಗೆ ಹಾಕಿಸಿ. ಸೋರಿಕೆಯಾದಾಗ ಕರೆಂಟನ್ನು ತಾನೇ ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಕೂಡಿಸಿ.

ಪ್ರಶ್ನೆ: ಬೋನಿಗೆ ಬಜ್ಜಿ, ಕೊಬ್ಬರಿ ಎಲ್ಲವನ್ನೂ ಇಟ್ಟರೂ ಇಲಿ ಬೀಳುತ್ತಿಲ್ಲ. ಅಂಟಿನ ಹಲಗೆ ತರಬಹುದೇ? – ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ತಿನಿಸನ್ನು ಬದಲಿಸುವ ಬದಲು ಸ್ವಲ್ಪ ತಾಳ್ಮೆ ವಹಿಸಿ. ದೊಡ್ಡ ಇಲಿಗಳಿಗೆ ತಮ್ಮ ದಾರಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ಯಾವ ವಸ್ತುವಿನ ಮೇಲೂ ಅನುಮಾನ. ಕೆಲವು ದಿನ ಅದನ್ನು ಮುಟ್ಟದೆ ಸುತ್ತುಹಾಕಿಕೊಂಡೇ ಹೋಗುತ್ತವೆ. ಆದ್ದರಿಂದ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿಯ ಚೂರನ್ನಿಟ್ಟು, ಗೋಡೆಗೆ ಒತ್ತಿದಂತೆ ಒಂದೇ ಜಾಗದಲ್ಲಿ ಬಿಡಿ. ಮೂರು ನಾಲ್ಕು ರಾತ್ರಿ ಅವು ನಿರ್ಭಯವಾಗಿ ತಿಂದು ಹೋದ ಮೇಲೆ ಬೋನನ್ನು ಹೂಡಿ. ಚಿಟ್ಟಿಲಿಗಳ ಸ್ವಭಾವ ಇದಕ್ಕೆ ವಿರುದ್ಧವಾದುದು. ಹೊಸದನ್ನು ಕಂಡರೆ ಮೂಸಲು ಬರುವುದರಿಂದ ಮೊದಲ ರಾತ್ರಿಯೇ ಸಿಕ್ಕಿಬೀಳಬಹುದು.

ಅಂಟಿನ ಹಲಗೆಯನ್ನು ಈ ಅಂಕಣ ಶಿಫಾರಸು ಮಾಡುವುದಿಲ್ಲ. ಅದಕ್ಕೆ ಸಿಕ್ಕಿದ ಪ್ರಾಣಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಹಲ್ಲಿ, ಗುಬ್ಬಿಗಳೂ ಅಂಟಿಕೊಳ್ಳುತ್ತವೆ. ಕೊಲ್ಲಲೇಬೇಕಾದರೆ ಕ್ಷಣದಲ್ಲಿ ಮುಗಿಸುವ ಸ್ಪ್ರಿಂಗ್ ಕತ್ತರಿಯೇ ಮೇಲು. ಬೋನಿನಲ್ಲಿ ಸಿಕ್ಕ ಇಲಿಯನ್ನು ಪಕ್ಕದ ಬೀದಿಯಲ್ಲಿ ಬಿಟ್ಟು ಬರುವವರು, ಅದು ಬೆಳಗಾಗುವಷ್ಟರಲ್ಲಿ ಹಿಂತಿರುಗಬಹುದೆಂಬುದನ್ನೂ ಪಕ್ಕದ ಬೀದಿಯಲ್ಲಿಯೂ ಜನರಿದ್ದಾರೆಂಬುದನ್ನೂ ಯೋಚಿಸುವುದು ಒಳ್ಳೆಯದು.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮಗುವಿದೆ, ಬೆಕ್ಕೂ ಇದೆ. ಯಾವ ಇಲಿ ಪಾಷಾಣ ಸುರಕ್ಷಿತ? – ಓದುಗರೊಬ್ಬರು, ಧಾರವಾಡ

ಉತ್ತರ: ಅಂಥ ಮನೆಯೊಳಗೆ ಯಾವುದೂ ಸುರಕ್ಷಿತವಲ್ಲ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟ್ ಎಲ್ಲಕ್ಕಿಂತ ಭಯಾನಕವಾದುದು. ಅದನ್ನು ನುಂಗಿದವರು ಒಂದೆರಡು ದಿನ ಚೇತರಿಸಿಕೊಂಡಂತೆ ಕಂಡು, ಆಮೇಲೆ ಯಕೃತ್ತು ಕೈಕೊಟ್ಟು ಸಾಯುವುದುಂಟು; ಅದಕ್ಕೆ ಪ್ರತಿವಿಷವಿಲ್ಲ. ಕಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ; ಅದಕ್ಕೂ ಪ್ರತಿವಿಷವಿಲ್ಲ. ಹೊಲದ ಬಿಲಗಳಿಗೆ ಬಳಸುವ ಈ ಪುಡಿಯನ್ನು ಅಡುಗೆಮನೆಗೆ ತರಲೇಬಾರದು. 0.005 ಶೇಕಡಾ ಬ್ರೊಮಾಡಿಯೊಲೋನ್ ಇರುವ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ, ಕೆಲವು ದಿನಗಳ ನಂತರ ಇಲಿಯನ್ನು ಕೊಲ್ಲುತ್ತವೆ. ಇದಕ್ಕೆ ವೈದ್ಯರು ಕೊಡುವ ವಿಟಮಿನ್ ಕೆ1 ಪ್ರತಿವಿಷವಾಗಿರುವುದರಿಂದ ಉಳಿದವುಗಳಿಗಿಂತ ವಾಸಿ ಎನ್ನಬಹುದೇ ಹೊರತು ನಿರಪಾಯಕಾರಿ ಎನ್ನಲಾಗದು. ನಿಮ್ಮ ಬೆಕ್ಕು ವಿಷ ತಿಂದ ಇಲಿಯನ್ನು ತಿಂದರೆ ಅದಕ್ಕೂ ಅಪಾಯ. ಊರಿನ ಇಲಿಗಳನ್ನು ಪುಕ್ಕಟೆಯಾಗಿ ಹಿಡಿಯುವ ಕಣಜ ಗೂಬೆಗೂ ಅಷ್ಟೇ. ವಿಷ ತಿಂದ ಇಲಿ ಮನೆಯ ಹೊರಗೆ ಹೋಗಿ ಸಾಯುತ್ತದೆಂಬುದೂ ನಿಜವಲ್ಲ. ಸುಳ್ಳು ಸೀಲಿಂಗಿನೊಳಗೆ ಸತ್ತ ಇಲಿಯ ವಾಸನೆಯನ್ನು ಒಮ್ಮೆ ಅನುಭವಿಸಿದವರು ಆ ಮಾತನ್ನು ಹೇಳುವುದಿಲ್ಲ.

ನಿಮ್ಮ ಮನೆಗೆ ಬೋನು ಮತ್ತು ತೂತು ಮುಚ್ಚುವ ಕೆಲಸ, ಇವೆರಡೇ ಸರಿ. ಮಗು ಯಾವುದೇ ಪಾಷಾಣವನ್ನು ಬಾಯಿಗಿಟ್ಟುಕೊಂಡಿತೆಂಬ ಸಂಶಯ ಬಂದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಧಾವಿಸಿ ಅಥವಾ 108ಕ್ಕೆ ಕರೆ ಮಾಡಿ. ಮಗು ಚೆನ್ನಾಗಿ ಆಡುತ್ತಿದೆಯೆಂದು ಕಾಯಬೇಡಿ.

ಪ್ರಶ್ನೆ: ಉದ್ದ ಮೂತಿಯ, ಕೆಟ್ಟ ವಾಸನೆಯ ಇಲಿಯೊಂದು ರಾತ್ರಿ ಕೀಚ್ ಕೀಚ್ ಎನ್ನುತ್ತ ಗೋಡೆಯ ಬದಿಯಲ್ಲಿ ಓಡುತ್ತದೆ. – ಓದುಗರೊಬ್ಬರು, ಮೈಸೂರು

ಉತ್ತರ: ಅದು ಮೂಗಿಲಿ. ಹೆಸರಿನಲ್ಲಿ ಮಾತ್ರ ಇಲಿ. ಅದಕ್ಕೆ ಕಡಿಯುವ ಉಳಿಹಲ್ಲಿಲ್ಲ, ಬಟ್ಟೆ ಪುಸ್ತಕಗಳ ತಂಟೆಗೆ ಅದು ಹೋಗುವುದಿಲ್ಲ. ಜಿರಳೆ, ಹುಳುಗಳೇ ಅದರ ಮುಖ್ಯ ಆಹಾರ. ಜಿರಳೆ ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ. ಸುಮ್ಮನೆ ಬಿಟ್ಟುಬಿಡಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿ ಎರಡನೆಯ ಸಲ ಕಡಿದಿದೆ. ಹೊಗೆಸೊಪ್ಪು, ನುಸಿಗುಳಿಗೆ, ಶಬ್ದತರಂಗದ ಯಂತ್ರ – ಯಾವುದು ಪರಿಣಾಮಕಾರಿ? – ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ಮೂರನ್ನೂ ನಂಬಿ ಕೂರಬೇಡಿ. ಹೊಗೆಸೊಪ್ಪಿನ ವಾಸನೆ ಕೆಲವು ದಿನಗಳದು. ನುಸಿಗುಳಿಗೆಯ ಆವಿ ಕಾರಿನೊಳಗೆ ಸೇರಿದರೆ ಇಲಿಗಿಂತ ನಿಮಗೇ ತೊಂದರೆ, ಅದರಲ್ಲೂ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳ ರಕ್ತಕಣಗಳನ್ನು ಅದು ಒಡೆಯುತ್ತದೆ. ನಮಗೆ ಕೇಳಿಸದ ಶಬ್ದ ಹೊರಡಿಸುವ ಯಂತ್ರಗಳ ವಿಷಯದಲ್ಲಿ ಅಮೆರಿಕದ ವ್ಯಾಪಾರ ಆಯೋಗವು 2001ರಲ್ಲಿಯೇ ತಯಾರಕರಿಗೂ ಮಾರಾಟಗಾರರಿಗೂ ಎಚ್ಚರಿಕೆ ಕೊಟ್ಟು, ಜಾಹೀರಾತಿನ ಮಾತಿಗೆ ವೈಜ್ಞಾನಿಕ ಆಧಾರವಿರಬೇಕೆಂದು ಹೇಳಿತ್ತು. ಆ ಶಬ್ದ ಅಡ್ಡವಿರುವ ವಸ್ತುಗಳನ್ನು ದಾಟುವುದಿಲ್ಲ, ಇಲಿಗಳು ಅದಕ್ಕೆ ಬೇಗ ಒಗ್ಗಿಕೊಳ್ಳುತ್ತವೆ. ಹೊಸ ಕಾರುಗಳ ವೈರಿನ ಕವಚದಲ್ಲಿ ಸೋಯಾ ಇರುವುದೇ ಕಾರಣವೆಂಬ ಮಾತು ಜನಜನಿತವಾಗಿದೆ. ಆದರೆ ಸೋಯಾದ ಹೆಸರಿಲ್ಲದ ಕಾಲದ ವೈರುಗಳನ್ನೂ ಇಲಿ ಬಿಟ್ಟಿರಲಿಲ್ಲ.

ಕಾರು ಬಂದು ನಿಂತ ಮೇಲೆ ಎಂಜಿನ್ ಬಹಳ ಹೊತ್ತು ಬೆಚ್ಚಗಿರುತ್ತದೆ, ಕತ್ತಲೆಯಿರುತ್ತದೆ, ಅಡಗಲು ಸಂದುಗಳಿರುತ್ತವೆ. ಮೊದಲ ಇಲಿ ಬಿಟ್ಟುಹೋದ ಮೂತ್ರದ ವಾಸನೆ ಮುಂದಿನದನ್ನು ಕರೆಯುತ್ತದೆ. ಎರಡನೆಯ ಸಲ ಕಡಿದಿರುವುದಕ್ಕೆ ಬಹುಶಃ ಇದೇ ಕಾರಣ. ಸರ್ವಿಸ್ ಕೇಂದ್ರದಲ್ಲಿ ಎಂಜಿನ್ ಭಾಗವನ್ನು ಚೆನ್ನಾಗಿ ತೊಳೆಸಿ, ಗಾಳಿ ಎಳೆದುಕೊಳ್ಳುವ ಬಾಯಿಗೆ ತಂತಿ ಜಾಲರಿಯನ್ನು ಹಾಕಿಸಿ. ರಾತ್ರಿ ಬಾನೆಟ್ ಎತ್ತಿಟ್ಟು ಬೆಳಕು ಬಿಡುವುದು ಹಳೆಯ ಉಪಾಯವಾದರೂ ಕತ್ತಲೆ ಮತ್ತು ಬೆಚ್ಚಗಿನ ಗೂಡು ಎರಡನ್ನೂ ತಪ್ಪಿಸುತ್ತದೆ. ಕಾರಿನೊಳಗೆ ಬಿಸ್ಕತ್ತು, ಕುರುಕಲುಗಳನ್ನು ಬಿಡಬೇಡಿ. ಮುಖ್ಯವಾಗಿ, ನೆಲಮಾಳಿಗೆಯ ಮೂಲೆಯಲ್ಲಿ ರಾತ್ರಿಯಿಡೀ ಕಸದ ಚೀಲಗಳು ಬಿದ್ದಿರುತ್ತವೆಯೇ ಎಂದು ನಿವಾಸಿಗಳ ಸಂಘದಲ್ಲಿ ಕೇಳಿ. ಅವು ಅಲ್ಲಿರುವವರೆಗೆ ನಿಮ್ಮೊಬ್ಬರ ಕಾರಿಗೆ ಮಾಡಿದ ಉಪಾಯದಿಂದ ಇಲಿ ಪಕ್ಕದ ಕಾರಿಗೆ ಹೋಗುತ್ತದೆ, ಅಷ್ಟೇ. ಕಡಿತ ಕಂಡುಬಂದರೆ ಇಂಧನದ ಕೊಳವೆಯನ್ನು ಪರೀಕ್ಷಿಸದೆ ಗಾಡಿ ಚಾಲೂ ಮಾಡಬೇಡಿ.

ಪ್ರಶ್ನೆ: ಅಟ್ಟದ ತುಂಬ ಹಿಕ್ಕೆಗಳಿವೆ. ಗುಡಿಸಿದರೆ ಸಾಕೇ? ಇಲಿ ಜ್ವರದ ಭಯವಿದೆ. – ಓದುಗರೊಬ್ಬರು, ಉಡುಪಿ

ಉತ್ತರ: ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಧೂಳು ಎದ್ದು ಉಸಿರಿನೊಳಗೆ ಹೋಗುತ್ತದೆ. ಕಿಟಕಿಗಳನ್ನು ಅರ್ಧ ಗಂಟೆ ತೆರೆದಿಟ್ಟು, ಕೈಗವಸು ಮತ್ತು ಮುಖಗವಸು ಹಾಕಿಕೊಂಡು, 1 ಭಾಗ ಬ್ಲೀಚ್ ದ್ರಾವಣಕ್ಕೆ 9 ಭಾಗ ನೀರು ಬೆರೆಸಿ ಹಿಕ್ಕೆಗಳ ಮೇಲೆ ಚಿಮುಕಿಸಿ. ಐದು ನಿಮಿಷ ನೆನೆದ ಮೇಲೆ ಕಾಗದದಿಂದ ಬಳಿದು ತೆಗೆಯಿರಿ. ಬ್ಲೀಚಿನೊಡನೆ ಶೌಚಾಲಯ ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಬೆರೆಸಬೇಡಿ. ಇಲಿ ಜ್ವರದ ರೋಗಾಣು ಇರುವುದು ಮುಖ್ಯವಾಗಿ ಮೂತ್ರದಲ್ಲಿ. ಅದು ಸೇರಿದ ಮಳೆನೀರು, ಕೆಸರಿನ ಮೂಲಕ ಕಾಲಿನ ಗಾಯಗಳಿಂದ ನಮ್ಮ ದೇಹವನ್ನು ಹೊಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗದ್ದೆ, ತೋಟಗಳಲ್ಲಿ ದುಡಿಯುವವರು ಇದನ್ನು ಹೆಚ್ಚು ಗಮನಿಸಬೇಕು. ಜ್ವರದೊಡನೆ ಮೀನಖಂಡದ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಅಂದೇ ವೈದ್ಯರನ್ನು ನೋಡಿ, ಇಲಿಗಳ ಒಡನಾಟವಿರುವುದನ್ನು ನೀವಾಗಿಯೇ ತಿಳಿಸಿ.

ಪ್ರಶ್ನೆ: ಅಳಿಲುಗಳು ಸೋಲಾರ್ ಹೀಟರಿನ ಪೈಪಿನ ಮೇಲಿನ ಹೊದಿಕೆಯನ್ನು ಕಿತ್ತು, ಎಸಿಯ ಹೊರಗಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟಿವೆ. – ಓದುಗರೊಬ್ಬರು, ತುಮಕೂರು

ಉತ್ತರ: ಗೂಡಿನಲ್ಲಿ ಮರಿಗಳಿದ್ದರೆ ಅವು ತಾವಾಗಿ ಹೊರಟುಹೋಗುವವರೆಗೆ ಕೆಲವು ವಾರ ಕಾಯಿರಿ, ಅಲ್ಲಿಯವರೆಗೆ ಎಸಿಯನ್ನು ಚಾಲೂ ಮಾಡಬೇಡಿ. ಆಮೇಲೆ ಗೂಡನ್ನು ತೆಗೆದು, ಪೆಟ್ಟಿಗೆಯ ಸಂದುಗಳಿಗೆ ಗಾಳಿಯಾಡುವಂತೆ ತಂತಿ ಜಾಲರಿಯನ್ನು ಬಿಗಿಯಿರಿ. ಪೈಪಿಗೆ ಹೊಸ ಹೊದಿಕೆ ಹಾಕಿಸಿ, ಅದರ ಮೇಲೆ ಕಲಾಯಿ ತಗಡಿನ ಕವಚವನ್ನು ಸುತ್ತಿಸಿ. ಅಳಿಲಿನ ಹಲ್ಲೂ ಇಲಿಯ ಹಲ್ಲಿನಂಥದೇ ಆದುದರಿಂದ ತೆಳು ಅಲ್ಯೂಮಿನಿಯಂ ಹಾಳೆ ತಡೆಯುವುದಿಲ್ಲ.