ಮಾತು ಕೈತಪ್ಪುವುದು ಎಲ್ಲಿ?

ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಕಚೇರಿಯ ಸಭೆಯಲ್ಲಿ ನಾನು ಎರಡನೇ ವಾಕ್ಯಕ್ಕೆ ಹೋಗುವಷ್ಟರಲ್ಲಿ ಯಾರಾದರೂ ಮಾತು ಎತ್ತಿಕೊಂಡಿರುತ್ತಾರೆ. ಮೊನ್ನೆ 'ಈ ಕೆಲಸ ಮುಂದಿನ ತಿಂಗಳಿಗೆ ಮುಗಿಯೋದಿಲ್ಲ' ಅಂದೆ. ಕಾರಣ ಹೇಳುವ ಮೊದಲೇ ಸಹೋದ್ಯೋಗಿಯೊಬ್ಬರು 'ಮುಗಿಸಲೇಬೇಕು' ಎಂದು ಶುರು ಮಾಡಿದರು, ಆಮೇಲೆ ಸಭೆ ಅವರದೇ ಆಯಿತು. ನಾನು ಹೆಂಗಸು ಅಂತ ಹೀಗಾಗುತ್ತದೆಯೇ? ದನಿ ಏರಿಸುವುದೊಂದೇ ದಾರಿಯೇ? ಮನೆಯಲ್ಲಿ ನೋಡಿದರೆ ತಂಗಿ ನನ್ನನ್ನೇ ದೂರುತ್ತಾಳೆ: 'ಅಕ್ಕಾ, ನೀನು ಯಾರಿಗೂ ಮಾತಾಡೋಕೆ ಬಿಡಲ್ಲ' ಅಂತ. ಎರಡೂ ನಿಜವಿರಲು ಸಾಧ್ಯವೇ?"

ಸಾಧ್ಯ. ಮಾತಿನ ಮೇಲಿನ ಹಿಡಿತ ಒಬ್ಬರ ಸ್ವಭಾವದಲ್ಲಿ ಕೂತಿರುವುದಿಲ್ಲ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ಸಂದಿಯಲ್ಲಿ ಅದು ಪ್ರತಿಸಲ ಹೊಸದಾಗಿ ತೀರ್ಮಾನವಾಗುತ್ತದೆ. ಸಭೆಯಲ್ಲಿ ಆ ಸಂದಿಯನ್ನು ನೀವೇ ತೆರೆದುಕೊಡುತ್ತಿದ್ದೀರಿ, ಮನೆಯಲ್ಲಿ ತಂಗಿಯ ಸಂದಿಗೆ ನೀವು ಕಾಯುತ್ತಿಲ್ಲ ಎಂದು ನಿಮ್ಮ ಪತ್ರ ಓದಿದಾಗ ನಮಗೆ ತೋರುತ್ತದೆ. ಸಹೋದ್ಯೋಗಿ ಮಾಡಿದ್ದು ಸರಿ ಎಂದು ಇದರ ಅರ್ಥವಲ್ಲ. ಆದರೆ ಅವರ ಸ್ವಭಾವ ನಿಮ್ಮ ಕೈಯಲ್ಲಿಲ್ಲ, ನಿಮ್ಮ ವಾಕ್ಯದ ಕೊನೆ ನಿಮ್ಮ ಕೈಯಲ್ಲಿದೆ.

ಸರದಿ ಹೇಗೆ ಸಾಗುತ್ತದೆ ಎಂಬುದನ್ನು ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಎಂಬ ಮೂವರು ಸಂಶೋಧಕರು ನಿಜವಾದ ಮಾತುಕತೆಗಳ ಧ್ವನಿಮುದ್ರಣ ಕೇಳಿ ಕೇಳಿ 1974ರಲ್ಲಿ ಬಿಡಿಸಿಟ್ಟರು. ಮಾತಿನಲ್ಲಿ ಒಂದು ಘಟಕ (ವಾಕ್ಯ, ಉಪವಾಕ್ಯ, ಕೆಲವೊಮ್ಮೆ ಒಂದೇ ಪದ) ಪೂರ್ತಿಯಾದಾಗಲೆಲ್ಲ ಸರದಿ ಬದಲಾಗಬಹುದಾದ ಜಾಗವೊಂದು ಬರುತ್ತದೆ. ಅಲ್ಲಿ, ಮಾತಾಡುತ್ತಿದ್ದವರು ಮುಂದಿನವರನ್ನು ಆರಿಸಿದ್ದರೆ (ಹೆಸರು ಹಿಡಿದು ಪ್ರಶ್ನೆ ಕೇಳಿದ್ದರೆ) ಸರದಿ ಅವರದು. ಯಾರನ್ನೂ ಆರಿಸದಿದ್ದರೆ ಮೊದಲು ಬಾಯಿ ತೆರೆದವರದು. ಯಾರೂ ತೆರೆಯದಿದ್ದರೆ ಮೊದಲಿನವರೇ ಮುಂದುವರಿಸಬಹುದು. ಈ ಕ್ರಮ ಗಮನಿಸಿ: ಮುಂದುವರಿಸುವ ಅವಕಾಶ ನಿಮಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಒಂದು ವಾಕ್ಯಕ್ಕಿಂತ ಹೆಚ್ಚು ಹೇಳುವುದಿದ್ದರೆ ಅದನ್ನು ಮೊದಲೇ ತಿಳಿಸಿಬಿಡಬೇಕು. ತಿಳಿಸದಿದ್ದರೆ ಪ್ರತಿ ಪೂರ್ಣವಿರಾಮದಲ್ಲೂ ಬಾಗಿಲು ತೆರೆದೇ ಇರುತ್ತದೆ.

ಆ ಬಾಗಿಲು ತೆರೆದಿರುವ ಹೊತ್ತೂ ತೀರಾ ಕಡಿಮೆ. ಹತ್ತು ಭಾಷೆಗಳಲ್ಲಿ, ಹೌದು-ಇಲ್ಲ ಎನ್ನಬಹುದಾದ ಪ್ರಶ್ನೆಗಳಿಗೆ ಉತ್ತರ ಎಷ್ಟು ಬೇಗ ಬರುತ್ತದೆಂದು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಟ್ಟಾರೆ ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಜಪಾನಿ ಭಾಷೆಯ ಸರಾಸರಿ ಬರೀ 7, ಡ್ಯಾನಿಶ್ ಭಾಷೆಯದು 469. ಆದರೆ ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ಹೇಳುವುದಕ್ಕೇ ಮನುಷ್ಯರಿಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಅಂದಮೇಲೆ ಕೇಳುವವರು ನಿಮ್ಮ ಮಾತು ಮುಗಿದ ಮೇಲೆ ಯೋಚಿಸತೊಡಗುವುದಿಲ್ಲ. ಅದು ಎಲ್ಲಿ ಮುಗಿಯುತ್ತದೆಂದು ಅಂದಾಜಿಸಿ, ಉತ್ತರವನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡೇ ಕಾಯುತ್ತಿರುತ್ತಾರೆ. ನಿಮ್ಮ ವಾಕ್ಯ ಮುಗಿದಂತೆ ಕೇಳಿಸಿದರೆ ಸಾಕು, ಅವರು ಒಳಗೆ ಬಂದಿರುತ್ತಾರೆ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. 'ಈ ಕೆಲಸ ಮುಂದಿನ ತಿಂಗಳಿಗೆ ಮುಗಿಯೋದಿಲ್ಲ.' ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, 'ಇಲ್ಲ' ಎಂಬುದೂ ಕೊನೆಗೇ ಬರುತ್ತದೆ, ಪ್ರಶ್ನೆಯ 'ಆ' ಅದಕ್ಕೂ ಕೊನೆಗೆ. ಹಾಗಾಗಿ ಪೂರ್ಣ ಕ್ರಿಯಾಪದ ಬಿದ್ದ ಕ್ಷಣ ಕನ್ನಡ ಕೇಳುವ ಕಿವಿಗೆ ವಾಕ್ಯ ಮುಗಿಯಿತು. ಅದರ ಜೊತೆ ದನಿಯೂ ಇಳಿದು, ನೀವು ಉಸಿರು ತೆಗೆದುಕೊಂಡು, ಕಣ್ಣೆತ್ತಿ ಎದುರಿನವರನ್ನು ನೋಡಿದಿರಿ ಅಂದುಕೊಳ್ಳಿ. ವ್ಯಾಕರಣ, ದನಿ, ಮೌನ, ನೋಟ ನಾಲ್ಕೂ 'ನನ್ನದಾಯಿತು, ನೀವು ಹೇಳಿ' ಎಂದು ಒಟ್ಟಿಗೆ ಸಾರಿದವು. ನಿಮ್ಮ ಮನಸ್ಸಿನಲ್ಲಿ 'ಯಾಕೆ ಅಂದ್ರೆ' ಇತ್ತು, ಆದರೆ ಅದು ಹೊರಗೆ ಕೇಳಿಸಲಿಲ್ಲ.

ಇದು ನಿಮಗೊಬ್ಬರಿಗೇ ಆಗುವಂಥದ್ದಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರನ್ನು ಟೀವಿ ಸಂದರ್ಶನಗಳಲ್ಲಿ ಪದೇ ಪದೇ ತಡೆಯಲಾಗುತ್ತಿತ್ತು. ಅಂಜಿ ಸುಮ್ಮನಾಗುವವರಲ್ಲ ಅವರು. ಜೆಫ್ರಿ ಬೀಟಿ ಮತ್ತು ಸಂಗಡಿಗರು ಒಂದು ಸಂದರ್ಶನವನ್ನು ಬಿಡಿಬಿಡಿಯಾಗಿ ನೋಡಿ 1982ರಲ್ಲಿ ಕಾರಣ ಹೇಳಿದರು: ಇನ್ನೂ ಹೇಳುವುದಿದ್ದಾಗಲೂ ಉಪವಾಕ್ಯದ ಕೊನೆಯಲ್ಲಿ ಅವರ ದನಿ ಥಟ್ಟನೆ ಇಳಿಯುತ್ತಿತ್ತು. ಆ ತುಣುಕುಗಳನ್ನು ಬೇರೆಯವರಿಗೆ ಕೇಳಿಸಿದಾಗ ಅವರಿಗೂ ಮಾತು ಮುಗಿದಂತೆಯೇ ಅನ್ನಿಸಿತು.

ಆದ್ದರಿಂದ ಬದಲಿಸಬೇಕಾದದ್ದು ಉಸಿರು ತೆಗೆಯುವ ಜಾಗ. ದನಿಯ ಎತ್ತರ ಈಗಿದ್ದಷ್ಟೇ ಸಾಕು. 'ಈ ಕೆಲಸ ಮುಂದಿನ ತಿಂಗಳಿಗೆ ಮುಗಿಯೋದಿಲ್ಲ ಯಾಕೆ ಅಂದ್ರೆ' ಎಂಬಲ್ಲಿಗೆ ಒಂದೇ ಓಟದಲ್ಲಿ ಬಂದು, ಅಲ್ಲಿ ಉಸಿರು ತೆಗೆಯಿರಿ. 'ಯಾಕೆ ಅಂದ್ರೆ' ಆದಮೇಲೆ ಒಂದಿಡೀ ಸೆಕೆಂಡ್ ಸುಮ್ಮನಿದ್ದರೂ ಜನ ಕಾಯುವ ಸಂಭವ ಹೆಚ್ಚು, ಏಕೆಂದರೆ ಘಟಕ ಅರ್ಧದಲ್ಲಿದೆ. 'ಆದ್ರೆ', 'ಅದರಿಂದ', 'ಹಾಗಾಗಿ' ಆದಮೇಲೂ ಹಾಗೇ. 'ಮುಗಿಯೋದಿಲ್ಲ' ಎಂಬಲ್ಲಿ ವೇಗ ತಗ್ಗಿಸಬೇಡಿ, ಬದಲಿಗೆ ತುಸು ಹೆಚ್ಚಿಸಿ.

ಇದಕ್ಕಿಂತ ಗಟ್ಟಿಯಾದ ದಾರಿ ಲೆಕ್ಕ ಮೊದಲೇ ಹೇಳುವುದು: 'ಎರಡು ಕಾರಣಕ್ಕೆ ಈ ಕೆಲಸ ಮುಂದಿನ ತಿಂಗಳಿಗೆ ಮುಗಿಯೋದಿಲ್ಲ. ಒಂದು...' ಎರಡನೆಯದು ಬರುವವರೆಗೆ ನಡುವೆ ಬಾಯಿ ಹಾಕುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಎರಡು, ಹೆಚ್ಚೆಂದರೆ ಮೂರು. 'ಐದು ವಿಷಯ ಇದೆ' ಅಂದರೆ ಕೇಳುವವರು ಅಲ್ಲೇ ಬಿಟ್ಟುಬಿಡುತ್ತಾರೆ. ಕನ್ನಡ ಇದಕ್ಕೆ ಇನ್ನೊಂದು ಅನುಕೂಲವನ್ನೂ ಕೊಟ್ಟಿದೆ, ಅಪೂರ್ಣ ಕ್ರಿಯೆಗಳ ಸರಪಳಿ: 'ಅವರು ಕಡತ ಕಳಿಸಿ, ನಾವು ಅದನ್ನ ನೋಡಿ, ತಪ್ಪು ತಿದ್ದಿ...' 'ಕಳಿಸಿ', 'ನೋಡಿ', 'ತಿದ್ದಿ' ಎಂಬಲ್ಲೆಲ್ಲ ಉಸಿರಾಡಬಹುದು, ಪೂರ್ಣ ಕ್ರಿಯೆ ಇನ್ನೂ ಬಾಕಿಯಿದೆ. ಇದನ್ನು ಮಿತಿಯಲ್ಲಿ ಬಳಸಿ. ಏಳೆಂಟು ಕೊಂಡಿಗಳಾದರೆ ಹೇಳುವವರಿಗೇ ದಾರಿ ತಪ್ಪುತ್ತದೆ. ಕೈಗೂ ಇಲ್ಲಿ ಕೆಲಸವಿದೆ. ಮಾತಿನ ಜೊತೆ ಚಲಿಸುತ್ತಿರುವ ಕೈ ಇನ್ನೂ ಕೆಳಗಿಳಿಯದಿದ್ದರೆ ಬೇರೆಯವರು ಸರದಿಗೆ ಕೈ ಹಾಕುವುದು ಬಹಳ ಕಡಿಮೆ ಎಂದು ಸ್ಟಾರ್ಕಿ ಡಂಕನ್ 1972ರಲ್ಲೇ ತೋರಿಸಿದ್ದರು. ಕೊನೆಯ ಕಾರಣ ಹೇಳಿ ಮುಗಿಯುವವರೆಗೆ ಕೈ ಮೇಜಿನ ಮೇಲೆ ಇಳಿಯದಿರಲಿ, ನೋಟ ಕಾಗದದ ಮೇಲಿರಲಿ.

ಇಷ್ಟಾದರೂ ಯಾರಾದರೂ ನುಗ್ಗಿದರೆ? ಇಬ್ಬರ ಮಾತು ಒಂದರ ಮೇಲೊಂದು ಬಿದ್ದಾಗ ಹೆಚ್ಚಿನ ಸಲ ಒಂದೆರಡು ಅಕ್ಷರ ಉಚ್ಚರಿಸುವಷ್ಟರಲ್ಲಿ ಒಬ್ಬರು ಹಿಂದೆ ಸರಿಯುತ್ತಾರೆ. ಮೊದಲ ಅಕ್ಷರಕ್ಕೇ ನಿಲ್ಲಿಸುವ ಅಭ್ಯಾಸ ನಿಮಗಿದ್ದರೆ ಪ್ರತಿಸಲ ಸರಿಯುವವರು ನೀವೇ. ಹಿಡಿದ ಪದವನ್ನು ತುಸು ಎಳೆದು ಇನ್ನೊಂದೆರಡು ಅಕ್ಷರ ಸಾಗಿ, ಎದುರಿನ ದನಿ ನಿಂತ ಕೂಡಲೇ ಕೆಟ್ಟುಹೋದ ತುಣುಕನ್ನು ಅದೇ ಪದಗಳಲ್ಲಿ ಮೊದಲಿಂದ ಹೇಳಿ: 'ಎರಡನೇ ಕಾರಣ, ಎರಡನೇ ಕಾರಣ ಏನಂದ್ರೆ...' ಅವರು ನಿಲ್ಲಿಸದಿದ್ದರೆ ಆಗ ಬಿಟ್ಟುಕೊಡಿ, ಅವರ ಪೂರ್ಣ ಕ್ರಿಯಾಪದ ಬಿದ್ದೊಡನೆ 'ಎರಡನೇ ಕಾರಣ ಬಾಕಿ ಇತ್ತು' ಎಂದು ಹಿಂದಕ್ಕೆ ತನ್ನಿ. ಮೊದಲೇ ಲೆಕ್ಕ ಹೇಳಿಟ್ಟಿದ್ದರ ಉಪಯೋಗ ಇಲ್ಲಿ ಗೊತ್ತಾಗುತ್ತದೆ.

ಆದರೆ ಮೇಲೆ ಬಿದ್ದ ಮಾತೆಲ್ಲ ಕಸಿಯುವ ಮಾತಲ್ಲ. ಕ್ರಿಯಾಪದ ಹೇಳಿಯಾದ ಮೇಲೂ ನಾವು ಬಾಲ ಸೇರಿಸುತ್ತೇವೆ: 'ಬಂದಿದ್ರು, ನಿನ್ನೆ, ಅವರಣ್ಣ', 'ಸರಿಯಾಯ್ತು ಅಲ್ವಾ'. 'ಬಂದಿದ್ರು' ಎಂಬಲ್ಲಿ ಮಾತು ಮುಗಿಯಿತೆಂದು ಎದುರಿನವರು ಶುರು ಮಾಡಿದರೆ ಅವರ ಮೊದಲ ಪದ ನಿಮ್ಮ 'ನಿನ್ನೆ'ಯ ಮೇಲೆ ಬೀಳುತ್ತದೆ. ಅದು ಬರೀ ಡಿಕ್ಕಿ. ಇನ್ನು ಕೆಲವರು ಉತ್ಸಾಹದಿಂದ ನಿಮ್ಮ ವಾಕ್ಯದ ಜೊತೆಗೇ ಮಾತಾಡಿ, ನೀವು ಮುಂದುವರಿದರೆ ಸಂತೋಷದಿಂದ ಬಿಡುತ್ತಾರೆ. ಇಂಥವರನ್ನೂ ಅಡ್ಡ ಮಾತಾಡುವವರ ಲೆಕ್ಕಕ್ಕೆ ಸೇರಿಸಿದರೆ ಅನ್ಯಾಯವಾಗುತ್ತದೆ. ಅವರು ಒಳಬಂದ ಮೇಲೆ ವಿಷಯ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ನೋಡಿ.

ಹೆಂಗಸೆಂಬ ಕಾರಣದ ಬಗ್ಗೆ ಕೇಳಿದ್ದೀರಿ. 1975ರಲ್ಲಿ ಡಾನ್ ಜಿಮ್ಮರ್‌ಮನ್ ಮತ್ತು ಕ್ಯಾಂಡೇಸ್ ವೆಸ್ಟ್ ಗಂಡು-ಹೆಣ್ಣಿನ 11 ಮಾತುಕತೆಗಳಲ್ಲಿ 48 ಅಡ್ಡಮಾತುಗಳನ್ನು ಎಣಿಸಿದರು. ಅವುಗಳಲ್ಲಿ 46 ಗಂಡಸರವು. ಸಣ್ಣ ಮಾದರಿ, ಆಮೇಲಿನ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಅಂತರ ಮತ್ತೆ ಮತ್ತೆ ಕಾಣಿಸಲಿಲ್ಲ. ಹಾಗೆಂದು ನಿಮ್ಮ ಅನುಮಾನ ಸುಳ್ಳಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ವಿಚಾರಣೆಗಳ ಬಗ್ಗೆ 2017ರಲ್ಲಿ ಬಂದ ಅಧ್ಯಯನ, ಮಹಿಳಾ ನ್ಯಾಯಮೂರ್ತಿಗಳ ಮಾತನ್ನು ಸಹನ್ಯಾಯಮೂರ್ತಿಗಳೂ ವಕೀಲರೂ ಹೆಚ್ಚು ತಡೆಯುತ್ತಾರೆಂದು ತೋರಿಸಿತು. ಅಷ್ಟು ಎತ್ತರದ ಪೀಠವೂ ರಕ್ಷಣೆ ಕೊಡಲಿಲ್ಲ. 2021ರಿಂದ ಆ ಕೋರ್ಟಿನಲ್ಲಿ, ಮುಕ್ತ ಪ್ರಶ್ನೋತ್ತರದ ನಂತರ ನ್ಯಾಯಮೂರ್ತಿಗಳು ಹಿರಿತನದ ಕ್ರಮದಲ್ಲಿ ಒಬ್ಬೊಬ್ಬರಾಗಿ ಪ್ರಶ್ನೆ ಕೇಳುವ ಸುತ್ತೂ ಇದೆ.

ನಿಮ್ಮ ಸಭೆಗೂ ಅಂಥ ಸುತ್ತು ಬೇಕೆಂದು ನಡೆಸುವವರನ್ನು ಕೇಳಬಹುದು. ಕೇಳಲೇಬೇಕು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಒಬ್ಬರ ಜಾಣ್ಮೆಯಿಂದ ಎಲ್ಲ ಸರಿಹೋಗುವುದಿಲ್ಲ. 'ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?' ಎಂಬ ಪ್ರಶ್ನೆ ಎಲ್ಲರಿಗೂ ಸಮಾನ ಅವಕಾಶ ಕೊಟ್ಟಂತೆ ಕಾಣುತ್ತದೆ, ಆದರೆ ಸರದಿ ಹೋಗುವುದು ಅತಿ ಬೇಗ ಬಾಯಿ ತೆರೆಯುವವರಿಗೆ. ಶಾಲಾ ತರಗತಿಗಳಲ್ಲಿ ಮೇರಿ ಬಡ್ ರೋ ಗಮನಿಸಿದ ಪ್ರಕಾರ ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಸಭೆಯಲ್ಲಿ ಒಬ್ಬರನ್ನೇ ಕೇಳುವುದಿದ್ದರೆ ಹೆಸರು ಮೊದಲು ಬರಲಿ, ಪ್ರಶ್ನೆ ಆಮೇಲೆ. ಹೆಸರು ಕೊನೆಗೆ ಬಂದರೆ ಬೇರೆಲ್ಲೋ ಗಮನವಿದ್ದವರು ಪ್ರಶ್ನೆಯನ್ನೇ ಕೇಳಿಸಿಕೊಂಡಿರುವುದಿಲ್ಲ. ಬರೀ ನೋಡಿ ಸೂಚಿಸುವುದೂ ಸಾಲದು, ಆ ನೋಟ ತನಗೇ ಎಂದು ಗುರುತಿಸಲು ಅವರೂ ನಿಮ್ಮನ್ನು ನೋಡುತ್ತಿರಬೇಕು.

ಫೋನ್, ವಿಡಿಯೊ ಸಭೆಗಳಲ್ಲಿ ಈ ಲೆಕ್ಕವೆಲ್ಲ ಏರುಪೇರಾಗುತ್ತದೆ. ದನಿ ಹೋಗಲು 150, ಉತ್ತರ ಬರಲು 150 ಮಿಲಿಸೆಕೆಂಡ್ ತಡವಾದರೆ ಸಹಜವಾದ 200ರ ಬಿಡುವು ನಿಮ್ಮ ಕಿವಿಗೆ 500 ಆಗುತ್ತದೆ. ಕೋರಿಕೆಯೊಂದಕ್ಕೆ ಉತ್ತರ 700 ಮಿಲಿಸೆಕೆಂಡಿನಷ್ಟು ತಡವಾದರೆ ಕೇಳಿದವರಿಗೆ 'ಇವರಿಗೆ ಇಷ್ಟವಿಲ್ಲ' ಅನ್ನಿಸತೊಡಗುತ್ತದೆ. ಅಲ್ಲಿ ಮೌನವನ್ನು ನಂಬಬೇಡಿ, ಕೈ ಎತ್ತಿ ಅಥವಾ ಹೆಸರು ಹಿಡಿದು ಸರದಿ ದಾಟಿಸುವುದೇ ಸರಿ.

ಇನ್ನು ತಂಗಿಯ ದೂರು. ಸರದಿ ಕಸಿಯದೆಯೇ ಮಾತನ್ನು ಕಸಿಯಬಹುದು. ಚಾರ್ಲ್ಸ್ ಡರ್ಬರ್ ಎಂಬ ಸಮಾಜಶಾಸ್ತ್ರಜ್ಞರು 1979ರಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳನ್ನು ಬೇರ್ಪಡಿಸಿದರು. ತಂಗಿ 'ನಿನ್ನೆಯಿಂದ ಸೊಂಟ ನೋವು' ಅಂದಾಗ 'ನಂಗೂ ಹೋದ ತಿಂಗಳು ಹೀಗೇ ಆಗಿತ್ತು, ಏನ್ಮಾಡ್ದೆ ಗೊತ್ತಾ' ಅಂದರೆ ಮಾತು ನಿಮ್ಮ ಕಡೆ ತಿರುಗಿತು. 'ಕೂತಾಗ ಜಾಸ್ತಿನಾ, ನಿಂತಾಗ ಜಾಸ್ತಿನಾ?' ಅಂದರೆ ಅವಳ ಹತ್ತಿರವೇ ಉಳಿಯಿತು. ಮೊದಲನೆಯದರಲ್ಲೂ ಪ್ರೀತಿಯಿದೆ, ಸಮಾಧಾನ ಹೇಳುವ ಆಸೆಯಿದೆ. ಆದರೂ ಸೊಂಟ ನೋವಿನ ಕಥೆ ಈಗ ಅಕ್ಕನದು. ಒಮ್ಮೆ ಆದರೆ ತೊಂದರೆಯಿಲ್ಲ, ಪ್ರತಿಸಲ ಆದರೆ 'ಬಿಡಲ್ಲ' ಎಂಬ ದೂರು ಬರುತ್ತದೆ. ಸಾಲು ಸಾಲು ಪ್ರಶ್ನೆ ಹಾಕುವುದೂ ಹಿಡಿತವೇ, ಏಕೆಂದರೆ ಉತ್ತರ ಬಂದಮೇಲೆ ಸರದಿ ಪ್ರಶ್ನೆ ಕೇಳಿದವರಿಗೇ ಮರಳುತ್ತದೆ. ಒಂದು ಪ್ರಶ್ನೆ ಕೇಳಿ, ಅವಳು ಉತ್ತರಿಸಿ ನಿಲ್ಲಿಸಿದಾಗ ತಕ್ಷಣ ಎರಡನೆಯದನ್ನು ಹಾಕಬೇಡಿ. ಒಂದೆರಡು ಸೆಕೆಂಡ್ ಬಿಟ್ಟರೆ ಅವಳೇ ಮುಂದುವರಿಸುವ ಸಂಭವ ಹೆಚ್ಚು, ಆ ಮುಂದುವರಿಕೆಯಲ್ಲೇ ಅವಳು ಹೇಳಬೇಕೆಂದಿದ್ದ ವಿಷಯ ಇರುತ್ತದೆ.

ಹೂಂಗುಟ್ಟುವ ಬಗೆಯನ್ನೂ ಗಮನಿಸಿ. ಅವಳ ಉಪವಾಕ್ಯ ಮುಗಿದಲ್ಲಿ ನಿಧಾನವಾದ ಒಂದು 'ಹೂಂ' ಮುಂದೆ ಹೇಳು ಎನ್ನುತ್ತದೆ. 'ಹೂಂ ಹೂಂ ಹೂಂ' ಎಂದು ಬೇಗಬೇಗ ಅಂದರೆ ಮುಗಿಸು ಎನ್ನುತ್ತದೆ. ಹೂಂಗುಟ್ಟದೇ ಇರುವುದು ಅದಕ್ಕಿಂತ ಕೆಟ್ಟದ್ದು. ಜ್ಯಾನೆಟ್ ಬಾವೆಲಾಸ್ ಮತ್ತು ಸಂಗಡಿಗರ ಪ್ರಯೋಗವೊಂದರಲ್ಲಿ (2000) ಒಬ್ಬರು ಕಥೆ ಹೇಳುತ್ತಿದ್ದಾಗ ಕೇಳುಗರಿಗೆ ಗುಟ್ಟಾಗಿ ಒಂದು ಕೆಲಸ ಕೊಟ್ಟಿದ್ದರು: ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುವುದು. ಕಥೆಯಲ್ಲಿ ಕೇಳುಗರ ಮನಸ್ಸಿಲ್ಲದಾಗ ಹೇಳುವವರ ಕಥೆಯೇ ಕೆಟ್ಟಿತು, ಅದರಲ್ಲೂ ಕೊನೆಯ ಮುಖ್ಯ ಭಾಗ. ಮೊಬೈಲ್ ನೋಡುತ್ತಾ 'ಹೇಳು, ಕೇಳ್ತಿದೀನಿ' ಅಂದಾಗ ಆಗುವುದೂ ಇದೇ.

ಎಲ್ಲರ ಒಪ್ಪಿಗೆ ಪಡೆದು ಮನೆಯ ಹತ್ತು ನಿಮಿಷದ ಮಾತುಕತೆಯನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ನಾಲ್ಕು ಜನರಿಗಿಂತ ಹೆಚ್ಚಿದ್ದರೆ ಮಾತು ಎರಡು ಗುಂಪಾಗಿ ಒಡೆಯುತ್ತದೆ, ಹಾಗಾಗಿ ಮೂರು ನಾಲ್ಕು ಮಂದಿ ಸಾಕು. ಕೇಳುವಾಗ ನಿಮ್ಮ ದನಿ ಶುರುವಾಗುವ ಪ್ರತಿ ಜಾಗದಲ್ಲಿ ನಿಲ್ಲಿಸಿ ಎರಡು ವಿಷಯ ಬರೆದುಕೊಳ್ಳಿ: ಹಿಂದಿನವರ ಪೂರ್ಣ ಕ್ರಿಯಾಪದ ಬಿದ್ದಿತ್ತೇ, ಮತ್ತು ನಿಮ್ಮ ಮೊದಲ ವಾಕ್ಯ ಅವರ ವಿಷಯದ ಬಗ್ಗೆಯೇ ಇತ್ತೇ. ಸಭೆಯಲ್ಲಿ ಮುದ್ರಿಸಲು ಆಗದು. ಅಲ್ಲಿ ನಿಮ್ಮ ಮಾತು ತಪ್ಪಿದ ಪ್ರತಿಸಲ, ಅದಕ್ಕೆ ಮೊದಲು ನೀವು ಹೇಳಿದ ಕೊನೆಯ ಪದವೊಂದನ್ನೇ ಗುರುತು ಹಾಕಿಕೊಂಡು ಬನ್ನಿ. ಪಟ್ಟಿಯಲ್ಲಿ 'ಆಗಲ್ಲ', 'ಇದೆ', 'ಅನ್ಸುತ್ತೆ' ತುಂಬಿದ್ದರೆ ಉಸಿರಿನ ಜಾಗ ಬದಲಿಸಿ. 'ಯಾಕೆ ಅಂದ್ರೆ', 'ಒಂದು' ಎಂಬಂಥ ಪದಗಳಾದ ಮೇಲೂ ಮಾತು ಹೋಗುತ್ತಿದ್ದರೆ ತಪ್ಪು ನಿಮ್ಮ ಕಡೆಯದಲ್ಲ, ಆ ಪಟ್ಟಿಯನ್ನು ಸಭೆ ನಡೆಸುವವರ ಮುಂದಿಟ್ಟು ಸುತ್ತಿನ ಕ್ರಮ ಕೇಳಿ.