ಮುಖ್ಯಮಂತ್ರಿ ಲೋಕಸಭೆಯಲ್ಲಿ ವೋಟು ಹಾಕಬಹುದಾ?

1999ರಲ್ಲಿ ಒಡಿಶಾದ ಮುಖ್ಯಮಂತ್ರಿ ಲೋಕಸಭೆಗೆ ಬಂದು ವಾಜಪೇಯಿ ಸರ್ಕಾರದ ವಿರುದ್ಧ ವೋಟು ಹಾಕಿದ್ದು ಕಾನೂನುಬಾಹಿರ ಅಲ್ವಾ ಅಂತ ಕೇಳಿದ್ದೀರಿ. ನೋಡೋಕೆ ಚೆನ್ನಾಗಿಲ್ಲ, ಆದರೆ ಕಾನೂನುಬಾಹಿರ ಅಲ್ಲ.

ಗಿರಿಧರ್ ಗಮಾಂಗ್ ಫೆಬ್ರವರಿಯಲ್ಲಷ್ಟೇ ಮುಖ್ಯಮಂತ್ರಿ ಆಗಿದ್ದರು. ಇನ್ನೂ ಶಾಸಕರಾಗಿರಲಿಲ್ಲ. ಸಂವಿಧಾನದ 164ನೇ ವಿಧಿ ಪ್ರಕಾರ ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು. ಸಂಸದ ಮತ್ತು ಶಾಸಕ ಎರಡೂ ಆಗಿರುವ ಹಾಗಿಲ್ಲ, ನಿಜ. ಇವರು ಬರೀ ಕೊರಾಪುಟ್ ಸಂಸದ, ರಾಜೀನಾಮೆ ಕೊಟ್ಟಿರಲಿಲ್ಲ ಅಷ್ಟೇ.

ಏಪ್ರಿಲ್ 17ರಂದು ಸ್ಪೀಕರ್ ಬಾಲಯೋಗಿ ವೋಟು ಹಾಕಬೇಕೋ ಬೇಡವೋ ಅನ್ನುವುದನ್ನು ಗಮಾಂಗ್ ಅವರ ಆತ್ಮಸಾಕ್ಷಿಗೆ ಬಿಟ್ಟರು. ವಿಶ್ವಾಸಮತದ ಪರ 269, ವಿರುದ್ಧ 270. ಗಮಾಂಗ್ ಸುಮ್ನೆ ಭುವನೇಶ್ವರದಲ್ಲೇ ಇದ್ದಿದ್ದರೆ 269-269. ಸ್ಪೀಕರ್ ವೋಟು ಹಾಕುವುದು ಸಮಬಲ ಆದಾಗ ಮಾತ್ರ. ಬಾಲಯೋಗಿ ತೆಲುಗುದೇಶಂನವರು, ಆ ಪಕ್ಷ ಸರ್ಕಾರದ ಕಡೆ ಇತ್ತು. ಲೆಕ್ಕ ನೀವೇ ಹಾಕಿ!

ಆದರೂ ಎಲ್ಲ ಗಮಾಂಗ್ ತಲೆಗೇ ಕಟ್ಟುವುದು ನನಗೆ ಸರಿ ಕಾಣಲ್ಲ. ನ್ಯಾಷನಲ್ ಕಾನ್ಫರೆನ್ಸ್‌ನ ಸೈಫುದ್ದೀನ್ ಸೋಜ್ ತಮ್ಮ ಪಕ್ಷದ ವಿಪ್ (ಹೇಗೆ ವೋಟು ಹಾಕಬೇಕು ಎಂಬ ಆದೇಶ) ಮೀರಿ ಸರ್ಕಾರದ ವಿರುದ್ಧ ಹೋದರು. ಅದನ್ನು ಯಾರೂ ಜಾಸ್ತಿ ನೆನೆಸಿಕೊಳ್ಳಲ್ಲ.

ಸೋತ ಮೇಲೂ ವಾಜಪೇಯಿ ಹೇಗೆ ಪ್ರಧಾನಿಯಾಗಿ ಉಳಿದರು ಅಂತಲೂ ಕೇಳಿದ್ದಿರಿ. ಬೇರೆ ಯಾರಿಗೂ ಬಹುಮತ ಕೂಡಿಬರಲಿಲ್ಲ, ಏಪ್ರಿಲ್ 26ಕ್ಕೆ ಲೋಕಸಭೆ ವಿಸರ್ಜನೆ ಆಯಿತು. ಹೊಸ ಸರ್ಕಾರ ಬರುವವರೆಗೆ ಹಳೆಯವರೇ ಉಸ್ತುವಾರಿ. ಕಾರ್ಗಿಲ್ ಯುದ್ಧ ನಡೆದದ್ದು ಅದೇ ಉಸ್ತುವಾರಿ ಸರ್ಕಾರದ ಕಾಲದಲ್ಲಿ.