ಮಂಡಿ ಬದಲಿಸಿದ ಮೇಲೆ ಕೀವು ಬರುತ್ತಿದೆ, ಇಂಪ್ಲಾಂಟ್ ತೆಗೆಯದೆ ಮಾತ್ರೆಯಲ್ಲೇ ವಾಸಿ ಮಾಡಲು ಆಗುವುದಿಲ್ಲವೇ?

ನೀವು ಬರೆದಿರುವ ಪ್ರಕಾರ ತಾಯಿಯವರಿಗೆ ಮಂಡಿ ಬದಲಾಯಿಸಿ ಐದು ತಿಂಗಳಾಗಿದೆ. ಎರಡು ತಿಂಗಳಿಂದ ಹೊಲಿಗೆಯ ಗೆರೆಯ ಪಕ್ಕ ಸಣ್ಣ ತೂತಾಗಿ ಕೀವು ಸೋರುತ್ತಿದೆ. ಆಂಟಿಬಯೋಟಿಕ್ ತಗೊಂಡಾಗ ಒಣಗುತ್ತದೆ, ನಿಲ್ಲಿಸಿದರೆ ಮತ್ತೆ ಶುರು. ಆ ತೂತು ಕೀಲಿನವರೆಗೂ ಇಳಿದಿದ್ದರೆ ಬೇರೆ ಪುರಾವೆಯೇ ಬೇಡ, ಇಂಪ್ಲಾಂಟಿಗೆ (ಒಳಗೆ ಕೂರಿಸಿದ ಕೃತಕ ಕೀಲಿಗೆ) ಸೋಂಕು ತಗುಲಿದೆ ಎಂದೇ ಲೆಕ್ಕ. ಈ ಹಂತದಲ್ಲಿ ಬರೀ ಮಾತ್ರೆ ಕೆಲಸ ಮಾಡುವುದಿಲ್ಲ. ಇಂಪ್ಲಾಂಟ್ ತೆಗೆಯಬೇಕು ಎಂದು ನಿಮ್ಮ ಸರ್ಜನ್ ಹೇಳಿದ್ದು ಸರಿ.

ಕಾರಣ ಬಯೋಫಿಲ್ಮ್. ಲೋಹಕ್ಕೂ ಪ್ಲಾಸ್ಟಿಕ್‌ಗೂ ರಕ್ತ ಹರಿಯುವುದಿಲ್ಲ. ಅದರ ಮೇಲೆ ಕೂತ ಬ್ಯಾಕ್ಟೀರಿಯಾ ತಮ್ಮ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ನೀರಿನ ಟ್ಯಾಂಕಿನ ಒಳಗೋಡೆಗೆ ಕೈಯಾಡಿಸಿದರೆ ಜಾರುತ್ತದಲ್ಲ, ಅದೂ ಬಯೋಫಿಲ್ಮೇ. ಒಳಗಿರುವವು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ; ಬೆಳೆಯುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಗೆ ಬೆಳೆಯದೆ ಕೂತವು ಸಿಗುವುದಿಲ್ಲ. ತೇಲಾಡುವ ಬ್ಯಾಕ್ಟೀರಿಯಾಕ್ಕೆ ಸಾಕಾಗುವ ಪ್ರಮಾಣದ ನೂರರಿಂದ ಸಾವಿರ ಪಟ್ಟು ಬೇಕಾಗಬಹುದು, ಅಷ್ಟನ್ನು ರಕ್ತಕ್ಕೆ ಕೊಡಲು ಬರುವುದಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ "ಸೆನ್ಸಿಟಿವ್" (ಔಷಧಿಗೆ ಬಗ್ಗುತ್ತದೆ) ಎಂದು ಬರೆದಿರುವುದು ತೇಲಾಡುವವುಗಳ ಬಗ್ಗೆ ಮಾತ್ರ. ಮಾತ್ರೆ ತಗೊಂಡಾಗ ಹೊರಗೆ ಬಂದವು ಸಾಯುತ್ತವೆ, ಕೀವು ನಿಲ್ಲುತ್ತದೆ, ಗೂಡು ಹಾಗೇ ಇರುತ್ತದೆ.

ಇಂಪ್ಲಾಂಟ್ ಉಳಿಸಿಕೊಂಡು ತೊಳೆಯುವ ಆಪರೇಷನ್ ಇದೆ, ಆದರೆ ಅದರ ಕಾಲಾವಕಾಶ ಚಿಕ್ಕದು: ಮೊದಲ ಆಪರೇಷನ್ ಆಗಿ ಸುಮಾರು ನಾಲ್ಕು ವಾರದೊಳಗೆ, ಅಥವಾ ಚೆನ್ನಾಗಿದ್ದ ಕೀಲು ದಿಢೀರನೆ ಊದಿಕೊಂಡು ಮೂರು ವಾರದೊಳಗೆ. ಇಂಪ್ಲಾಂಟ್ ಅಲುಗಾಡುತ್ತಿರಬಾರದು, ಕೀವು ಸೋರುವ ತೂತೂ ಇರಬಾರದು. ಆಗಲೂ ನಡುವಿನ ಪಾಲಿಎಥಿಲೀನ್ (ಪ್ಲಾಸ್ಟಿಕ್) ತುಂಡನ್ನು ಬದಲಿಸಲೇಬೇಕು, ಅದನ್ನು ತೆಗೆಯದೆ ಮಂಡಿಯ ಹಿಂಭಾಗಕ್ಕೆ ಕೈ ಹೋಗುವುದಿಲ್ಲ. ಕೊಳೆತ ಪೊರೆಯನ್ನೆಲ್ಲ ಕತ್ತರಿಸಿ ತೆಗೆದು, ಸುಮಾರು 9 ಲೀಟರ್ ಸಲೈನನ್ನು ಕಡಿಮೆ ಒತ್ತಡದಲ್ಲಿ ಹರಿಸಿ, 500 ಮಿಲಿ ಸಲೈನಿಗೆ 17.5 ಮಿಲಿ 10% ಪೊವಿಡೋನ್ ಅಯೋಡಿನ್ (ಕ್ರಿಮಿನಾಶಕ ದ್ರಾವಣ) ಬೆರೆಸಿ ಮೂರು ನಿಮಿಷ ನಿಲ್ಲಿಸುವುದು ಹಲವು ಕಡೆ ರೂಢಿ. (ಇದು ಆಪರೇಷನ್ ಥಿಯೇಟರಿನ ಮಾತು. ಮನೆಯಲ್ಲಿ ಆ ತೂತಿನೊಳಗೆ ಏನನ್ನೂ ಹಾಕಬೇಡಿ, ಒತ್ತಿ ಕೀವು ತೆಗೆಯಬೇಡಿ, ಒಣ ಡ್ರೆಸಿಂಗ್ ಸಾಕು.)

ತಾಯಿಯವರದು ಈ ಗಡುವು ದಾಟಿರುವುದರಿಂದ ಸಾಮಾನ್ಯವಾಗಿ ಎರಡು ಹಂತದ ಆಪರೇಷನ್. ಮೊದಲು ಇಂಪ್ಲಾಂಟ್, ಅದನ್ನು ಮೂಳೆಗೆ ಅಂಟಿಸಿದ್ದ ಹಳೆಯ ಸಿಮೆಂಟು ಎಲ್ಲ ತೆಗೆದು ಔಷಧಿ ಬೆರೆತ ಸಿಮೆಂಟಿನ ಸ್ಪೇಸರ್ (ಜಾಗ ಹಿಡಿದಿಡುವ ತಾತ್ಕಾಲಿಕ ತುಂಡು) ಇಡುತ್ತಾರೆ. 40 ಗ್ರಾಂ ಸಿಮೆಂಟ್ ಪ್ಯಾಕೆಟ್ಟಿಗೆ 2ರಿಂದ 4 ಗ್ರಾಂ ವ್ಯಾಂಕೊಮೈಸಿನ್ ಪುಡಿ, ಜೊತೆಗೆ ಜೆಂಟಾಮೈಸಿನ್ ಅಥವಾ ಟೋಬ್ರಾಮೈಸಿನ್. ರಕ್ತದಿಂದ ತಲುಪಲಾರದಷ್ಟು ಔಷಧಿ ಕೀಲಿನೊಳಗೇ ಸಿಗುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಾಧ್ಯತೆಯೂ ಇರುವುದರಿಂದ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡುತ್ತಿರಬೇಕು. ಸುಮಾರು ಆರು ವಾರ ಆಂಟಿಬಯೋಟಿಕ್ ಆಗಿ, ಗಾಯ ಒಣಗಿ, ಸಿಆರ್‌ಪಿ (ರಕ್ತದಲ್ಲಿ ಉರಿಯೂತ ತೋರಿಸುವ ಅಂಶ) ಇಳಿದ ಮೇಲೆ ಹೊಸ ಇಂಪ್ಲಾಂಟ್. ಯಾವ ಬ್ಯಾಕ್ಟೀರಿಯಾ ಎಂದು ಮೊದಲೇ ಗೊತ್ತಿದ್ದು ಚರ್ಮ, ಮಾಂಸ ಚೆನ್ನಾಗಿದ್ದರೆ ಕೆಲವರು ಒಂದೇ ಹಂತದಲ್ಲಿ ಮುಗಿಸುತ್ತಾರೆ.

ಎಡವಟ್ಟಾಗುವುದು ಹೆಚ್ಚಾಗಿ ಆಪರೇಷನ್ನಿಗಿಂತ ಮುಂಚೆ. ಜ್ವರವಿಲ್ಲದೆ ಆರಾಮಾಗಿದ್ದರೆ, ಡಾಕ್ಟರನ್ನು ಕೇಳಿ, ಕೀಲಿನಿಂದ ದ್ರವ ತೆಗೆಯುವ ಮುಂಚೆ ಕನಿಷ್ಠ ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಬೇಕು. ಇಲ್ಲವಾದರೆ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ ಕುರುಡು ಚಿಕಿತ್ಸೆಯಾಗುತ್ತದೆ. ತೂತಿನ ಬಾಯಿಂದ ಹತ್ತಿಕಡ್ಡಿಯಲ್ಲಿ ಒರೆಸಿದ ಕಲ್ಚರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದರಲ್ಲಿ ಬರುವುದು ಚರ್ಮದ ಮೇಲಿನವು. ಆಪರೇಷನ್ನಿನಲ್ಲಿ ಐದಾರು ಜಾಗದಿಂದ ಬೇರೆ ಬೇರೆ ಉಪಕರಣದಲ್ಲಿ ತುಂಡು ತೆಗೆದು 14 ದಿನ ಇಟ್ಟು ನೋಡಲು ಹೇಳಿ. ಮೂರೇ ದಿನಕ್ಕೆ "ಬೆಳೆದಿಲ್ಲ" ಎಂದು ಮುಚ್ಚಿಬಿಡುವ ಲ್ಯಾಬುಗಳಿವೆ. ಒಂದೆರಡು ತುಂಡು ಬಯಾಪ್ಸಿಗೆ, ಒಂದು ಟಿಬಿ ಪರೀಕ್ಷೆಗೆ.

ಟಿಬಿ ಮಾತು ಏಕೆಂದರೆ, ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಬಯೋಫಿಲ್ಮಿನ ಮೇಲೆ ಚೆನ್ನಾಗಿ ಕೆಲಸ ಮಾಡುವ ರಿಫಾಂಪಿಸಿನ್ ನಮ್ಮಲ್ಲಿ ಟಿಬಿಯ ಮುಖ್ಯ ಔಷಧಿ. ಟಿಬಿ ಅಡಗಿದ್ದಾಗ ಅರ್ಧಂಬರ್ಧ ಕೊಟ್ಟರೆ ರೆಸಿಸ್ಟೆನ್ಸ್ (ಔಷಧಿಗೆ ಬಗ್ಗದಿರುವುದು) ಹುಟ್ಟುತ್ತದೆ. ಇಂಪ್ಲಾಂಟ್ ಉಳಿಸಿಕೊಂಡವರ ಮೇಲೆ 1998ರಲ್ಲಿ ಪ್ರಕಟವಾದ ಸ್ವಿಸ್ ಅಧ್ಯಯನದಲ್ಲಿ ಚಿಕಿತ್ಸೆ ಪೂರ್ತಿ ಮಾಡಿದವರ ಪೈಕಿ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಜೊತೆ ರಿಫಾಂಪಿಸಿನ್ನನ್ನೂ ತಗೊಂಡ 12ಕ್ಕೆ 12 ಮಂದಿ ವಾಸಿಯಾದರು. ಸಿಪ್ರೊಫ್ಲಾಕ್ಸಸಿನ್ ಮಾತ್ರ ತಗೊಂಡವರಲ್ಲಿ 12ಕ್ಕೆ 7. ಆದರೆ ರಿಫಾಂಪಿಸಿನ್ ಒಂದನ್ನೇ ಎಂದೂ ಕೊಡಬಾರದು, ಗಾಯ ಸೋರುವಾಗ ಶುರು ಮಾಡಲೂಬಾರದು. ಬ್ಯಾಕ್ಟೀರಿಯಾದಲ್ಲಿ ಒಂದೇ ಮ್ಯುಟೇಷನ್ (ಜೀನಿನ ಬದಲಾವಣೆ) ಸಾಕು, ಔಷಧಿ ಕೈಕೊಡುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಮತ್ತು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಬಲ ಇದರಿಂದ ಕುಗ್ಗುತ್ತದೆ, ತಾಯಿಯವರು ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಿ.

ಹೋಗುವಾಗ ಹಳೆಯ ಆಪರೇಷನ್ ನೋಟ್ಸ್ ಮತ್ತು ಇಂಪ್ಲಾಂಟ್ ಕಂಪನಿ, ಸೈಜ್ ಇರುವ ಸ್ಟಿಕ್ಕರ್ ಹಾಳೆ ಒಯ್ಯಿರಿ, ಬಿಚ್ಚುವ ಉಪಕರಣ ತರಿಸಲು ಬೇಕಾಗುತ್ತದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಆಲ್ಬುಮಿನ್ (ರಕ್ತದ ಪ್ರೋಟೀನ್) ಪರೀಕ್ಷೆ ಈಗಲೇ ಮಾಡಿಸಿ. ನಡುವೆ ಚಳಿಜ್ವರ, ಉಸಿರಾಟದ ವೇಗ, ಮಂಕು ಕಂಡರೆ ಆಂಟಿಬಯೋಟಿಕ್ ನಿಲ್ಲಿಸಿ ಎರಡು ವಾರ ಕಾಯುವ ಮಾತೇ ಇಲ್ಲ: ಅಂದೇ ದಾಖಲಿಸಿ, ಬ್ಲಡ್ ಕಲ್ಚರ್ ತೆಗೆದ ತಕ್ಷಣ ಇಂಜೆಕ್ಷನ್ ಶುರುವಾಗಬೇಕು.